ತಿಪ್ಪೇಶಿ ಲಿನಕ್ಸ್ ಹಾಕಿದ್ದು

ನಮ್ಮ ಚಳ್ಳಕೆರೆಯಲ್ಲಿ ಓಬಮ್ಮ ಅಂತ ಒಬ್ಬಳು, ಅವಳಿಗೆ ತಿಪ್ಪೇಶಿ ಅಂತ ಒಬ್ಬ ಮಗ. ವಯಸ್ಸು ಇಪ್ಪತ್ತೆರಡಾಗಿತ್ತು, ಬುದ್ಧಿ ಇನ್ನೂ ದಾರೀಲಿತ್ತು. ಹೇಳಿದ್ದನ್ನು ಹೇಳಿದ ಹಾಗೇ ಮಾಡುವನು. ಅದೇ ತಾಯಿಯ ಗೋಳು.

ಓಬಮ್ಮನದು ಅರ್ಜಿ ಟೈಪ್ ಮಾಡುವ ಅಂಗಡಿ. ಎದುರಿಗೇ ವಾರಗಿತ್ತಿ ಸಾಕಮ್ಮನದೂ ಅಂಥದೇ ಅಂಗಡಿ. ಸಾಕಮ್ಮ ತನ್ನ ಕಂಪ್ಯೂಟರಿನ ಹಳೇ ಸಾಫ್ಟ್‌ವೇರ್ ತೆಗೆಸಿ ಲಿನಕ್ಸ್ ಅನ್ನೋ ಹೊಸದನ್ನು ಹಾಕಿಸಿದಳು. ಅವತ್ತಿನಿಂದ ವೈರಸ್ ಕಾಟವಿಲ್ಲ, ಕೆಲಸ ಸರಸರ, ಜನವೆಲ್ಲ ಅಲ್ಲೇ. ಓಬಮ್ಮನ ಹೊಟ್ಟೆ ಧಗಧಗ ಉರಿಯಿತು. ಬಾಯಿಬಿಟ್ಟು ಹೇಳುವುದುಂಟೆ? ಸಾಕಿ ನನ್ನ ಒಡಹುಟ್ಟಿದವಳ ಹಾಗೆ ಅಂತ ಬೀದಿಗೆಲ್ಲ ಹೇಳಿಕೊಂಡು ತಿರುಗುವಳು. ಸೋಮವಾರ ಸ್ಕಾಲರ್‌ಶಿಪ್ ಅರ್ಜಿ ಶುರು. ಅಷ್ಟರೊಳಗೆ ತಾನೂ ಗುಟ್ಟಾಗಿ ಲಿನಕ್ಸ್ ಹಾಕಿ, ಅವಳ ಕಣ್ಣೆದುರು ಮೆರೆಯಬೇಕು. ಮೇಷ್ಟ್ರೊಬ್ಬರಿಂದ ಲಿನಕ್ಸ್ ತುಂಬಿದ ಪೆನ್‌ಡ್ರೈವ್ ತಂದಳು.

ಶುಕ್ರವಾರ ಅದನ್ನು ಕಂಪ್ಯೂಟರಿಗೆ ಸಿಕ್ಕಿಸಿ ಕೆಲಸ ಶುರುಮಾಡಿ, ಅರ್ಧದಾರೀಲಿ ಬಿದ್ದುಹೋಗದಂಗೆ ನೋಡ್ಕೋ ಅಂತ ಮಗನಿಗೆ ಹೇಳಿ ಸಂತೆಗೆ ಹೋದಳು. ತಿಪ್ಪೇಶಿ ನೋಡಿಕೊಂಡ. ಸಿಪಿಯು ಡಬ್ಬವನ್ನು ಹಗ್ಗದಿಂದ ಮೇಜಿಗೆ ಬಿಗಿದ. ಬಿದ್ದರೂ ಪೆಟ್ಟಾಗದಿರಲಿ ಅಂತ ಕಂಬಳಿ ಸುತ್ತಿದ. ಡಬ್ಬ ಕಾದು ಕಾದು, ನೂರಕ್ಕೆ ಅರವತ್ತು ಮುಗಿದಿದ್ದ ಕೆಲಸ ಠುಸ್ ಅಂತ ನಿಂತಿತು. ಓಬಮ್ಮ ಸಂತೆಯಿಂದ ಬಂದು ನೋಡಿದಳು.

“ಎಲಾ ಪೆದ್ದೇ! ಕಾಯೋ ಡಬ್ಬಕ್ಕೆ ಕಂಬಳಿ ಹೊದಿಸ್ತಾರೇನೋ? ಬಿಸಿಯಾದ್ರೆ ಗಾಳಿ ಹಾಕಬೇಕು.”

“ಆಗಲಿ ಕಣವ್ವ, ಇನ್ಮೇಲೆ ಹಂಗೇ ಮಾಡ್ತೀನಿ.”

ಶನಿವಾರ ಓಬಮ್ಮ ಮತ್ತೆ ಮೊದಲಿಂದ ಶುರುಮಾಡಿ ಹೊರಗೆ ಹೋದಳು. ತಿಪ್ಪೇಶಿ ಮೊರ ಹಿಡಿದು ಕೂತ. ಹಳೆಯದನ್ನೆಲ್ಲ ಅಳಿಸಲೇ ಅಂತ ಪರದೆ ಕೇಳಿತು. ಉತ್ತರ ಕೊಡು ಅಂತ ಅವನಿಗೆ ಯಾರೂ ಹೇಳಿರಲಿಲ್ಲ. ಬೀಸಿದ, ಬೀಸಿದ, ರಟ್ಟೆ ಬಿದ್ದುಹೋಗುವಂತೆ ಬೀಸಿದ. ಅದು ಕೇಳುತ್ತಲೇ ಇತ್ತು, ಇವನು ಬೀಸುತ್ತಲೇ ಇದ್ದ. ಮಧ್ಯಾಹ್ನ ಕರೆಂಟು ಹೋಯಿತು.

ಓಬಮ್ಮ ಬಂದು ನೋಡಿ ಹಣೆ ಚಚ್ಚಿಕೊಂಡಳು. ಎದುರಂಗಡಿಯಲ್ಲಿ ಸಾಕಮ್ಮನ ನಗು ಕೇಳಿಸಿ ಇನ್ನಷ್ಟು ಉರಿಯಿತು. “ಬಾಯಿ ಬಿದ್ದುಹೋಗಿತ್ತೇನೋ? ಏನ್ ಕೇಳಿದ್ರೂ ಹೌದು ಅನ್ನಬೇಕು.”

“ಆಗಲಿ ಕಣವ್ವ.”

ಭಾನುವಾರ ಪರದೆ ಕೇಳಿದ್ದಕ್ಕೆಲ್ಲ ಹೌದು ಅನ್ನುತ್ತ ಹೌದು ಒತ್ತಿದ. ಐವತ್ತಾಯಿತು, ಎಂಬತ್ತಾಯಿತು, ತೊಂಬತ್ತು ದಾಟಿತು. ಓಬಮ್ಮ ಮೂರು ದಿನದಲ್ಲಿ ಮೊದಲ ಸಲ ನೆಮ್ಮದಿಯಾಗಿ ಒಳಗೆ ಟೀ ಕಾಯಿಸಲು ಹೋದಳು. ಆಗಲೇ ಸಾಕಮ್ಮ ಸಕ್ಕರೆ ಕೇಳುವ ನೆವದಲ್ಲಿ ಬಂದಳು.

“ಲಿನಕ್ಸ್ ಹಾಕ್ತಿದೀಯೇನೋ ತಿಪ್ಪೇಶಿ?”

“ಹೌದು.”

“ನನಗೆ ಗೊತ್ತಾಗಬಾರದು ಅಂತ ಗುಟ್ಟಾಗೇ?”

“ಹೌದು.”

ಸಾಕಮ್ಮನ ಮುಖ ಸಣ್ಣದಾಯಿತು. “ಅಕ್ಕನಿಗೆ ನನ್ನ ಮೇಲೆ ಹೊಟ್ಟೆ ಉರೀತದೇನೋ?”

“ಹೌದು ಚಿಕ್ಕವ್ವ.”

ಓಬಮ್ಮ ಟೀ ಲೋಟ ಅಲ್ಲೇ ಬಿಟ್ಟು ಓಡಿಬಂದಳು. ಇಲ್ಲ ಸಾಕೀ, ಇವನ ಮಾತು ನಂಬಬೇಡ, ನನಗೆಲ್ಲಿಯ ಹೊಟ್ಟೆಉರಿ ಅಂತ ಏನೇನೋ ಹೇಳಹೊರಟಳು. ಮುಖ ಕೆಂಪಗೆ ಕಾದು, ಹೇಳಿದ್ದನ್ನೇ ಹೇಳತೊಡಗಿದಳು.

ತಿಪ್ಪೇಶಿ ತಾಯಿಯನ್ನು ಮೇಲಿಂದ ಕೆಳಗೆ ನೋಡಿದ. ಅವ್ವ ಕಂಬಳಿ ಹೊದ್ದಿರಲಿಲ್ಲ, ಅದನ್ನು ತೆಗೆಯುವ ಕೆಲಸ ತಪ್ಪಿತು. ಮೊರ ತಗೊಂಡು ಅವಳ ಹೊಟ್ಟೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಬೀಸತೊಡಗಿದ.

“ಈಗ ಏನೂ ಕೇಳಬೇಡ ಚಿಕ್ಕವ್ವ,” ಅಂದ. “ಅರ್ಧದಾರೀಲಿ ನಿಂತುಹೋದಾಳು.”