ಸಿಗಡಿ ಸಿಪ್ಪೆಯ ಹೊದಿಕೆ

"ಗುರುಗಳೇ, ನೀವು ಕಳುಹಿಸಿದ ಊರಿನಲ್ಲಿ ಕುಡಿತ ಬಿಡಿ ಎಂದು ದಿನವೂ ಹೇಳಿದೆ. ಕೇಳಿಸಿಕೊಂಡರು, ಎದ್ದು ಹೋದರು. ಒಬ್ಬನೂ ಬಿಡಲಿಲ್ಲ. ನನ್ನ ಮಾತಿನಲ್ಲಿ ಸತ್ವವಿಲ್ಲವೇ?" ಎಂದು ಸಂಗಯ್ಯ ಕೇಳಿದ. ಆ ಊರು ಬಿಟ್ಟು ಹಿಂದಿನ ದಿನವಷ್ಟೇ ಮಠಕ್ಕೆ ಮರಳಿದ್ದ ಶಿಷ್ಯ ಅವನು.

"ಕೂತುಕೋ ಮಾರಾಯ, ಮೊದಲು ಇದನ್ನು ಕೇಳು," ಎಂದು ಗುರುಗಳು ಹೇಳತೊಡಗಿದರು.

ಕಡಲ ದಂಡೆಯಲ್ಲಿ ಒಬ್ಬ ಹೆಂಗಸಿದ್ದಳು. ಸಿಗಡಿ ಸುಲಿಯುವುದು ಅವಳ ಕೆಲಸ. ಸುಲಿದ ಸಿಪ್ಪೆ ರಾಶಿ ಬಿದ್ದು ನಾರುತ್ತಿತ್ತು. ಅವಳು ಅದನ್ನು ಮನೆಗೆ ಹೊತ್ತು ತಂದಳು. ಹುಳಿಯಲ್ಲಿ ನೆನೆಸಿದಳು, ಕ್ಷಾರದಲ್ಲಿ ಕುದಿಸಿದಳು, ಕೊನೆಗೆ ಗಂಜಿಯಂಥ ಅಂಟು ಮಾಡಿದಳು. ಅದನ್ನು ಯೂರಿಯಾ ಕಾಳುಗಳಿಗೆ ಹೊದಿಸಿ ಒಣಗಿಸಿದಳು. ಬರಿಯ ಯೂರಿಯಾ ಒಂದೇ ಮಳೆಗೆ ಕರಗಿ ಹೊಳೆ ಸೇರುತ್ತದೆ. ಹೊದಿಕೆ ಇದ್ದರೆ ಬೇರಿಗೆ ಸ್ವಲ್ಪ ಸ್ವಲ್ಪವೇ ಸಿಗುತ್ತದೆ ಎಂಬುದು ಅವಳ ಯೋಚನೆ.

ಆ ನಾತಕ್ಕೆ ನೆರೆಯವರು ಬಾಗಿಲು ಹಾಕಿಕೊಂಡರು. ವರ್ಷಗಟ್ಟಲೆ ಯಾರೂ ಅವಳನ್ನು ಮಾತಾಡಿಸಲಿಲ್ಲ. ಪಾಪ, ಅವಳಿಗೂ ಮನುಷ್ಯರು ಬೇಕಿತ್ತು. ಈ ಗೊಬ್ಬರ ಗೆದ್ದರೆ ನಾಲ್ಕು ಜನ ತನ್ನ ಅಂಗಳಕ್ಕೆ ಬಂದಾರು ಎಂದು ಆಸೆಪಟ್ಟಳು.

ಒಬ್ಬ ರೈತ ಅವಳಿಗೆ ಒಂದು ಗದ್ದೆ ಬಿಟ್ಟುಕೊಟ್ಟ. ಅವಳು ಅದಕ್ಕೆ ತನ್ನ ಕಾಳು ಎರಚಿದಳು. ಪಕ್ಕದ ಗದ್ದೆಗೆ ತಾನು ಬರಿಯ ಯೂರಿಯಾ ಎರಚಿದ. ಅದು ನಾಲ್ಕೇ ದಿನಕ್ಕೆ ಕಡುಹಸಿರಾಯಿತು. ಇವಳದು ಪೇಲವವಾಗಿಯೇ ಇತ್ತು. ಎಂಟನೆಯ ದಿನ ರೈತ ಕೆಸರು ಕೆದಕಿ ಒಂದಷ್ಟು ಕಾಳು ಎತ್ತಿ ಅವಳ ಅಂಗೈಗೆ ಹಾಕಿದ. ಎರಚಿದಾಗ ಹೇಗಿದ್ದವೋ ಹಾಗೆಯೇ ಇದ್ದವು.

"ನಿನ್ನ ಸಿಪ್ಪೆ ಗೊಬ್ಬರವನ್ನು ನುಂಗಿ ಕೂತಿದೆಯಲ್ಲ ತಂಗಿ," ಎಂದು ನಕ್ಕ.

"ತಪ್ಪಾಯಿತು ಅಣ್ಣ," ಎಂದಳು.

ನೋಡು ಅವಳ ಬುದ್ಧಿಯನ್ನು. ಬೇಗ ಕರಗಬಾರದೆಂದು ಹೊದಿಸಿದವಳು ಅವಳೇ. ಕರಗಲಿಲ್ಲವೆಂದು ನಾಚಿ ತಲೆ ತಗ್ಗಿಸಿದವಳೂ ಅವಳೇ. ಮರುದಿನ ಗಂಟು ಕಟ್ಟಿಕೊಂಡು ಊರು ಬಿಟ್ಟಳು.

ಆಮೇಲೆ ಮಳೆ ಹಿಡಿಯಿತು. ತಿಂಗಳಾಗುವಷ್ಟರಲ್ಲಿ ಪಕ್ಕದ ಗದ್ದೆ ಹಳದಿಗೆ ತಿರುಗಿತು. ಅವಳದು ಹಸಿರೇರಿತು, ತೆನೆ ಬರುವವರೆಗೂ ಹಸಿರಾಗಿಯೇ ನಿಂತಿತು. ರೈತ ಓಡೋಡಿ ಅವಳ ಮನೆಗೆ ಹೋದ. ಬಾಗಿಲಿಗೆ ಬೀಗ. ಯಾವ ಊರಿಗೆ ಹೋದಳೆಂದು ನೆರೆಯವರನ್ನು ಕೇಳಿದ. ಅವರು ಒಬ್ಬರ ಮುಖ ಒಬ್ಬರು ನೋಡಿದರು. ಹೋಗುವಾಗಲೂ ಅವಳನ್ನು ಯಾರೂ ಮಾತಾಡಿಸಿರಲಿಲ್ಲ. ತನ್ನ ಗೊಬ್ಬರ ಗೆದ್ದಿತೆಂದು ಅವಳಿಗೆ ಇವತ್ತಿಗೂ ಗೊತ್ತಿಲ್ಲ.

ಗುರುಗಳು ಶಿಷ್ಯನ ಮುಖ ನೋಡಿದರು.

"ನೀನು ಎಷ್ಟನೆಯ ದಿನ ಹೊರಟು ಬಂದೆ, ಸಂಗಯ್ಯ?"