ಏಣಿಕಲ್ಲುದುರ್ಗದಲ್ಲಿ ದಿಡ್ಡಿಯಮ್ಮ ನೆಲೆಸಿದ ಬಗೆ

ಪಾಳೆಯಗಾರರ ಧ್ವಜಗಳು ಗಿರಿಶಿಖರಗಳ ಮೇಲೆ ಹಾರಾಡುತ್ತಿದ್ದ ಪುರಾತನ ಕಾಲದಲ್ಲಿ, ಕರಿಬಂಡೆಗಳು ಒಂದರ ಮೇಲೊಂದೇರಿ ಗಗನಕ್ಕೆ ಚಾಚಿದ್ದ ಏಣಿಕಲ್ಲುದುರ್ಗವನ್ನು ಸರ್ಜಪ್ಪನಾಯಕನೆಂಬ ಪರಾಕ್ರಮಶಾಲಿಯು ಐದು ಸುತ್ತಿನ ಕೋಟೆಯಿಂದಲೂ ಐದು ಮಹಾದ್ವಾರಗಳಿಂದಲೂ ಬಲಪಡಿಸಿ ಆಳುತ್ತಿದ್ದನು. ಒಂದು ದ್ವಾರವನ್ನು ಭೇದಿಸಿದ ಶತ್ರುವು ಮುಂದಿನದು ಕಣ್ಣಿಗೆ ಬೀಳದೆ, ಹಾವಿನಂತೆ ಹೊರಳುವ ಇಕ್ಕಟ್ಟಾದ ಓಣಿಯಲ್ಲಿ ಸಿಲುಕಿ, ಇಕ್ಕೆಲದ ಕೊತ್ತಲಗಳಿಂದ ಸುರಿಯುವ ಶಿಲಾವೃಷ್ಟಿಗೂ ಬಾಣವೃಷ್ಟಿಗೂ ಗುರಿಯಾಗುವಂತೆ ಅವು ರಚಿತವಾಗಿದ್ದವು. ಇವುಗಳಲ್ಲಿ ಮೂರನೆಯದು ಅತಿ ಭದ್ರವಾದುದು. ಮೇಲ್ಭಾಗದಲ್ಲಿ ಆನೆಯ ಹಣೆಯನ್ನು ಸೀಳಬಲ್ಲ ಕಬ್ಬಿಣದ ಮುಳ್ಳುಗಳಿದ್ದ ಅದರ ಕದದಲ್ಲಿ, ಒಬ್ಬರು ಬಗ್ಗಿ ನುಸುಳುವಷ್ಟೇ ಅಗಲದ ದಿಡ್ಡಿಬಾಗಿಲೊಂದಿತ್ತು.

ಅದರ ಕಾವಲುಗಾರ ಕಾಟಯ್ಯನೆಂಬ ಬೇಡನು. ಆತನನ್ನು ವೀರನೆಂದು ಯಾರೂ ಕರೆದವರಲ್ಲ. ಗುಡುಗಿಗೂ ಬೆಚ್ಚುವ ಸ್ವಭಾವದ ಆತನು ದಿನವೂ ಬಾಗಿಲ ಪಕ್ಕದ ಗೋಡೆಯಲ್ಲಿ ಕೊರೆದ ದೇವಿಯ ಕಿರುವಿಗ್ರಹಕ್ಕೆ ಹೂವಿಟ್ಟು, "ತಾಯಿ, ನನ್ನ ಪಾಳಿಯಲ್ಲಿ ಏನೂ ಆಗದಿರಲಿ" ಎಂದಷ್ಟೇ ಬೇಡುತ್ತಿದ್ದನು.

ಆತನ ಪಾಳಿಯಲ್ಲೇ ಆಯಿತು. ಮಾಘ ಬಹುಳ ಷಷ್ಠಿಯ ನಡುಹಗಲಿನಲ್ಲಿ, ಹೆಸರೆತ್ತಲೂ ಜನ ಅಂಜುತ್ತಿದ್ದ ಪರರಾಜನೊಬ್ಬನ ಸೇನೆಯು ಬೆಟ್ಟದ ಬುಡವನ್ನು ಮುತ್ತಿ ಮೊದಲ ಬಾಗಿಲನ್ನು ಮುರಿಯಿತು. ಮೊದಲ ಸುತ್ತಿನೊಳಗಿನ ಪೇಟೆಯ ಜನರು ಮಕ್ಕಳುಮರಿಗಳೊಡನೆ ಏದುಸಿರು ಬಿಡುತ್ತ ಎರಡನೆಯ ಬಾಗಿಲನ್ನು ಹೊಕ್ಕು, ಅದನ್ನು ಹಿಂದೆ ಮುಚ್ಚಿಕೊಂಡು, ಮೂರನೆಯದರ ಮುಂದೆ ಬಂದು ಸೇರುವಷ್ಟರಲ್ಲಿ ದಳವಾಯಿ ಮುದ್ದವೀರಪ್ಪನು ಅದರ ಕದಗಳನ್ನು ಹಾಕಿಸಿಬಿಟ್ಟಿದ್ದನು. ಬಾಗಿಲು ತೆರೆದಿರುವಾಗ ವೈರಿಯ ಆನೆ ಬಂದರೆ ಇಡೀ ದುರ್ಗವೇ ಹೋಯಿತೆಂಬುದು ಆತನ ಭೀತಿ.

ಜನರ ಬೆನ್ನ ಹಿಂದೆ ಎರಡನೆಯ ಬಾಗಿಲಿಗೆ ಆನೆ ಹಾಯುತ್ತಿತ್ತು. ಒಂದೊಂದು ಗುದ್ದಿಗೂ ಕಾಟಯ್ಯನ ಕಾಲಡಿಯ ಬಂಡೆ ಅದುರುತ್ತಿತ್ತು. ಗುದ್ದು ನಿಂತಾಗ ಆತನು ಇನ್ನಷ್ಟು ಅಂಜುತ್ತಿದ್ದನು. ಆನೆಯನ್ನು ಹಿಂದಕ್ಕೆ ನಡೆಸಿ ಮತ್ತೆ ಓಡಿಸಿ ತರುತ್ತಿದ್ದಾರೆಂದು ಆತನು ಬಲ್ಲನು. ಕದದ ಆಚೆ ನೂರು ಕೈಗಳು ಬಡಿಯುತ್ತಿದ್ದವು. ನೆಲಕ್ಕೆ ಸಮೀಪದಲ್ಲಿ ಬಡಿಯುತ್ತಿದ್ದವು ಮಕ್ಕಳ ಕೈಗಳು.

"ಅಣ್ಣಾ, ನಾನು ಕುಂಬಾರರ ಗಿರಿಯವ್ವ. ನನ್ನನ್ನು ಬಿಟ್ಟರೂ ಸರಿ, ಬೆನ್ನ ಮೇಲೆ ನಮ್ಮತ್ತೆ ಇದ್ದಾಳೆ, ಕಾಲು ಬಾರದವಳು. ಇವಳನ್ನಾದರೂ ಒಳಕ್ಕೆ ಎಳೆದುಕೋ" ಎಂದು ಒಂದು ಹೆಣ್ಣುದನಿ ಕೂಗಿತು.

ಕೊತ್ತಲದ ಮೇಲಿಂದ ದಳವಾಯಿ ಗರ್ಜಿಸಿದನು: "ಕಾಟಯ್ಯ, ಅಗುಳಿಗೆ ಕೈಹಾಕಿದೆಯೋ, ನಿನ್ನ ತಲೆ ಉಳಿಯದು!"

ಕಾಟಯ್ಯನು ಕಿವಿ ಮುಚ್ಚಿಕೊಂಡು ಕುಸಿದು ಕುಳಿತನು. ಆಗ, ಮುಚ್ಚಿದ ಕಿವಿಗಳೊಳಗೇ ಆ ಜಗನ್ಮಾತೆಯ ವಾಣಿಯು ಕೇಳಿಸಿತು: "ಮಗನೇ, ಬಾಗಿಲಿರುವುದು ಹಗೆಯನ್ನು ತಡೆಯಲಿಕ್ಕೆ, ನನ್ನ ಮಕ್ಕಳನ್ನಲ್ಲ. ಹಗೆಯನ್ನು ನಾನು ನೋಡಿಕೊಳ್ಳುತ್ತೇನೆ. ನೀನು ತೆಗೆ."

ಭಯ ಹೋಗಲಿಲ್ಲ. ಆದರೂ ಆತನು ದಿಡ್ಡಿಯ ಅಗುಳಿಯನ್ನು ಸರಿಸಿದನು. ಜನರು ಒಬ್ಬೊಬ್ಬರಾಗಿ ಬಗ್ಗಿ ಒಳಬಂದರು. ದಳವಾಯಿ ಕತ್ತಿ ಹಿರಿದು ಕೊತ್ತಲದಿಂದ ಇಳಿದನಾದರೂ ಆ ಜನರನ್ನು ದಾಟಿ ಬಾಗಿಲ ಬಳಿಗೆ ಬರಲಾರದೆ ಹೋದನು. ಅಷ್ಟರಲ್ಲಿ ಎರಡನೆಯ ಬಾಗಿಲು ಸಿಡಿದು ಬಿದ್ದ ಸದ್ದು ಕಣಿವೆಯನ್ನೆಲ್ಲ ತುಂಬಿತು. ಕಡೆಗೆ ಉಳಿದವಳು ಗಿರಿಯವ್ವ. ಮುದುಕಿಯನ್ನು ಹೊತ್ತು ಆಕೆ ನುಸುಳಲಾರಳು. ಕಾಟಯ್ಯನು ತಾನೇ ಹೊರಗೆ ಜಿಗಿದು ಮೊದಲು ಸೊಸೆಯನ್ನು ತಳ್ಳಿ, ಅನಂತರ ಅತ್ತೆಯನ್ನು ಎತ್ತಿ ಆಕೆಯ ಕೈಗೆ ದಾಟಿಸಿದನು. ಅದೇ ಕ್ಷಣದಲ್ಲಿ ಓಣಿಯ ತಿರುವಿನಲ್ಲಿ ಆನೆಯ ದಂತಗಳು ಕಂಡವು. ಒಳಗಿನ ಸೈನಿಕರು ಬೆದರಿ ದಿಡ್ಡಿಯನ್ನು ಮುಚ್ಚಿ ಅಗುಳಿ ಹಾಕಿದರು.

ಕಾಟಯ್ಯನು ಕದಕ್ಕೆ ಬೆನ್ನೊತ್ತಿ ಕಣ್ಣು ಮುಚ್ಚಿದನು. ಆನೆಯ ಉಸಿರಿನ ಬಿಸಿ ಮುಖಕ್ಕೆ ತಾಗಿತು. ಆಗ ಮೇಲಣ ಶಿಖರದಲ್ಲಿ ಸಿಡಿಲಿನಂಥ ಶಬ್ದವಾಗಿ, ಅನಾದಿಕಾಲದಿಂದ ಅಲುಗದಿದ್ದ ಮಹಾಶಿಲೆಯೊಂದು ಉರುಳಿ ಬಂದು ಆನೆಗೂ ಆತನಿಗೂ ನಡುವೆ ನಾಟಿ ನಿಂತು, ಪಕ್ಕದಲ್ಲಿ ಒಬ್ಬರು ಬಗ್ಗಿ ನುಸುಳುವಷ್ಟು ಸಂದಿಯನ್ನಷ್ಟೇ ಉಳಿಸಿ ಓಣಿಯನ್ನು ಮುಚ್ಚಿತು. ಆನೆ ಘೀಳಿಡುತ್ತ ಹಿಮ್ಮೆಟ್ಟಿ ತನ್ನ ಪಡೆಯನ್ನೇ ತುಳಿಯಿತು, ಮುತ್ತಿಗೆ ಮುರಿಯಿತು.

ಧೂಳಡಗಿದ ಮೇಲೆ ದಿಡ್ಡಿ ತೆರೆದವನು ದಳವಾಯಿಯೇ. ಬಂಡೆಗೂ ಕದಕ್ಕೂ ನಡುವಿನ ಮೂರು ಗೇಣು ಜಾಗದಲ್ಲಿ ಕಾಟಯ್ಯನು ಜೀವಸಹಿತ ನಿಂತಿದ್ದನು. "ತಪ್ಪಾಯಿತಪ್ಪ" ಎಂದು ಮುದ್ದವೀರಪ್ಪನು ಕತ್ತಿಯನ್ನು ಕೆಳಗಿಟ್ಟನು. ಕಾಟಯ್ಯನು ಬಂಡೆಗೆ ಹಣೆಯೊತ್ತಿ ನಮಸ್ಕರಿಸಿದನು. ಬದುಕಿರುವ ತನಕ ಆತನೇ ಆ ಶಿಲೆಯ ಅರ್ಚಕನಾದನು. ಗುಡುಗಿಗೆ ಬೆಚ್ಚುವುದು ಮಾತ್ರ ಕೊನೆಗೂ ನಿಲ್ಲಲಿಲ್ಲ.

ದುರ್ಗಕ್ಕೆ ಬರುವ ಭಕ್ತರು ಆ ಶಿಲೆಯು ದಿಡ್ಡಿಯಮ್ಮನೆಂಬ ನಾಮದಿಂದ ಕುಂಕುಮಾರ್ಚಿತವಾಗಿರುವುದನ್ನು ಇಂದಿಗೂ ಕಾಣಬಹುದು. ಅದರ ಪಕ್ಕದ ಸಂದಿಯಲ್ಲಿ ಬಗ್ಗಿ ನಡೆದು ಕಿರುಬಾಗಿಲನ್ನು ಸೇರಬೇಕು. ಆ ಬಾಗಿಲಿಗೆ ಅಂದಿನಿಂದ ಕದವಿಟ್ಟಿಲ್ಲ. ಮಾಘ ಬಹುಳ ಷಷ್ಠಿಯಂದು ವೃದ್ಧರೂ ಮಕ್ಕಳೂ ಮೊದಲು ಒಳಹೋಗುತ್ತಾರೆ, ಗಟ್ಟಿಮುಟ್ಟಾದವರು ಆಮೇಲೆ. ಎಲ್ಲರೂ ದಾಟಿದ ಬಳಿಕ ಅರ್ಚಕರು ಹೊರಗೆ ಒಬ್ಬರೇ ನಿಂತು, ಬರಿದಾದ ಓಣಿಯತ್ತ ಮುಖಮಾಡಿ, "ಇನ್ನೂ ಯಾರಾದರೂ ಇದ್ದೀರಾ?" ಎಂದು ಮೂರು ಸಲ ಕೂಗುತ್ತಾರೆ. ಉತ್ತರ ಬಾರದೆಂದು ಖಚಿತವಾಗುವವರೆಗೆ ಮಂಗಳಾರತಿ ಬೆಳಗುವುದಿಲ್ಲ.