ಗುಡಾರದ ಮುಂದಿನ ಪೆಟ್ಟಿಗೆ

"ಬುದ್ಧೀ, ಈ ಜನಕ್ಕೆ ಅನ್ನ ಹಾಕುವುದು ಪುಣ್ಯವೋ ಪಾಪವೋ?" ಎಂದು ಮರುಳಯ್ಯ ಗುರುಗಳನ್ನು ಕೇಳಿದ. ಅವನಿಗೆ ಸಿಟ್ಟು ನೆತ್ತಿಗೇರಿತ್ತು.

ಮಠದ ದಾಸೋಹ ಅವನ ಕೈಗೆ ಬಂದು ಆರು ತಿಂಗಳಾಗಿತ್ತು. ಅಂಗಳದಲ್ಲಿ ಪಂಕ್ತಿ ಕೂರಿಸಿ ಬಡಿಸುವುದು ರಗಳೆಯೆಂದು, ಅಡುಗೆಮನೆಯ ಕಿಟಕಿಯಲ್ಲೇ ಅನ್ನ ಕೊಡುವ ಏರ್ಪಾಡು ಮಾಡಿದ್ದ. ಈ ಹೊತ್ತು ಆ ಕಿಟಕಿಯ ಮುಂದೆ ನೂಕಾಟವಾಗಿ ಒಬ್ಬ ಮುದುಕಿ ಬಿದ್ದು ಕೈ ಮುರಿದುಕೊಂಡಿದ್ದಳು.

"ಮೃಗಗಳ ಹಾಗೆ ಕಚ್ಚಾಡುತ್ತಾರೆ. ಇವರ ಹುಟ್ಟುಗುಣವೇ ಅದು. ನಾಳೆಯಿಂದ ದಾಸೋಹ ನಿಲ್ಲಿಸಲು ಅಪ್ಪಣೆಯಾಗಬೇಕು."

"ಮೃಗ ಎಂದೆಯಲ್ಲ, ಮೃಗದ ಕತೆಯನ್ನೇ ಕೇಳು" ಎಂದು ಗುರುಗಳು ಶುರುಮಾಡಿದರು.

ಆಫ್ರಿಕದ ಒಂದು ಕಾಡಿನಲ್ಲಿ ಚಿಂಪಾಂಜಿಗಳಿದ್ದವು. ಅವುಗಳ ನಡತೆ ತಿಳಿಯಲು ಒಬ್ಬ ಪಂಡಿತ ಬಂದ. ಆ ಕಾಡಿನಲ್ಲೇ ಹುಟ್ಟಿ ಬೆಳೆದ ಒಬ್ಬ ಮುದುಕ ಅವನಿಗೆ ದಾರಿ ತೋರಿಸುತ್ತಿದ್ದ. ಅತ್ತಿಯ ಮರ ಹಣ್ಣಾದರೆ ಮೊದಲು ಕಂಡ ಚಿಂಪಾಂಜಿ ಕೂಗು ಹಾಕುತ್ತಿತ್ತು. ಉಳಿದವು ಬಂದು ಒಂದೊಂದು ಕೊಂಬೆ ಹಿಡಿದು ತಿನ್ನುತ್ತಿದ್ದವು. ಜಗಳವೇ ಇರಲಿಲ್ಲ ಎಂದಲ್ಲ. ಆದರೆ ಬೆಳಿಗ್ಗೆ ಜಗಳವಾಡಿದವು ಸಂಜೆಯೊಳಗೆ ಒಂದರ ಮೈಯ ಹೇನನ್ನು ಇನ್ನೊಂದು ಹೆಕ್ಕುತ್ತ ಕೂರುತ್ತಿದ್ದವು.

ಪಂಡಿತನಿಗೆ ನಡೆದು ನಡೆದು ಸಾಕಾಯಿತು. ಪಂಡಿತ ಅಂದಮೇಲೆ ಕಾಲು ನೋಯಬಾರದಲ್ಲ! ಕುಳಿತಲ್ಲೇ ನೋಡೋಣವೆಂದು ಗುಡಾರದ ಮುಂದೆ ಒಂದು ಪೆಟ್ಟಿಗೆ ಇಟ್ಟು ಬಾಳೆಹಣ್ಣು ತುಂಬಿಸಿದ. ಮುದುಕ "ಬೇಡ ಸ್ವಾಮಿ" ಎಂದ. ಪಂಡಿತ ಕಿವಿಗೆ ಹಾಕಿಕೊಳ್ಳಲಿಲ್ಲ.

ಇಡೀ ಹಿಂಡು ಬಂತು. ಪೆಟ್ಟಿಗೆ ಒಂದೇ. ದಾಂಡಿಗ ಗಂಡೊಂದು ಅದರ ಮೇಲೇ ಕುಳಿತುಬಿಟ್ಟಿತು. ತಿಂಗಳೊಳಗೆ ಕಿವಿಗಳು ಹರಿದವು, ಬೆರಳುಗಳು ತುಂಡಾದವು. ಒಂದು ದಿನ ಎಳೆಗೂಸನ್ನು ಹೊಟ್ಟೆಗೆ ಅವಚಿಕೊಂಡು ಬಂದ ತಾಯಿ ಆ ನೂಕಾಟಕ್ಕೆ ಸಿಕ್ಕಿತು. ಕೂಸು ಸತ್ತಿತು. ತಾಯಿ ಅದನ್ನು ಬಿಡಲಿಲ್ಲ. ಒಣಗಿ ಬರೀ ತೊಗಲಾಗುವವರೆಗೂ ಬೆನ್ನ ಮೇಲೆ ಹೊತ್ತು ತಿರುಗಿತು.

ಪಂಡಿತ ಪುಸ್ತಕ ತೆಗೆದು, 'ಈ ಕುಲಕ್ಕೆ ಕಚ್ಚಾಟ ಹುಟ್ಟುಗುಣ' ಎಂದು ಬರೆದ. ಬರೆದದ್ದನ್ನು ಹೆಮ್ಮೆಯಿಂದ ಮುದುಕನಿಗೆ ಓದಿ ಹೇಳಿದ.

ಮುದುಕನಿಗೆ ಮೈಯೆಲ್ಲ ಉರಿದುಹೋಯಿತು. ಕೊಡಲಿ ತಂದು ಪೆಟ್ಟಿಗೆಯನ್ನು ಸೀಳಿ ಹಾಕಿದ. "ಹುಟ್ಟಿದಾಗಿನಿಂದ ನಾನು ಇವನ್ನು ನೋಡಿದ್ದೇನೆ. ನಿನ್ನ ಪೆಟ್ಟಿಗೆಯ ಗುಣ ಬರೆದು, ಅವುಗಳ ಹೆಸರು ಹಾಕಿದ್ದೀಯಲ್ಲೋ!" ಎಂದ.

ಇಷ್ಟು ಹೇಳುವಷ್ಟರಲ್ಲಿ ಗುರುಗಳ ದನಿಯೂ ಗಡುಸಾಗಿತ್ತು. ಮರುಳಯ್ಯನಿಗೆ ಆ ಸತ್ತ ಕೂಸು ಕಣ್ಣಿಗೆ ಕಟ್ಟಿ ತಡೆಯಲಾಗಲಿಲ್ಲ.

"ಅಂಥ ಪಂಡಿತನ ಕಪಾಳಕ್ಕೆ ನಾಲ್ಕು ಬಿಗಿಯಬೇಕಿತ್ತು, ಬುದ್ಧೀ!"

"ಆ ಮುದುಕಿಯ ಒಂದು ಕೈಯನ್ನು ನಿನ್ನ ಕಿಟಕಿ ಮುರಿದಿದೆ, ಇನ್ನೊಂದು ನೆಟ್ಟಗಿದೆ, ಹೋಗಿ ಕೆನ್ನೆ ಒಡ್ಡು" ಎಂದರು ಗುರುಗಳು.